ಯೊಕೊಹಾಮಾದಿಂದ ಯೆನಾನಿನವರೆಗೆ: ಚೀನೀ ಕಾದಂಬರಿ, ಸಮಾಜ ಮತ್ತು ಕಥೆಯ ಮುಕ್ತಾಯ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಚೀನದ ವಿದ್ವತ್ ವಲಯದಲ್ಲಿ ಕಾದಂಬರಿಗೆ ಗೌರವದ ಸ್ಥಾನವಿರಲಿಲ್ಲ. ಮಿಂಗ್ ಮತ್ತು ಚಿಂಗ್ ವಂಶಗಳ ಕಾಲದಲ್ಲಿ ‘ಕೆಂಪು ಮಹಲಿನ ಕನಸು’ವಿನಂಥ ಮಹಾಕೃತಿಗಳು ಹುಟ್ಟಿ, ಓದುಬಲ್ಲವರ ಮನೆಗಳಲ್ಲೆಲ್ಲ ಓದಿಸಿಕೊಂಡಿದ್ದರೂ, ಸರ್ಕಾರಿ ಹುದ್ದೆಗೆ ರಾಜಮಾರ್ಗವಾಗಿದ್ದ ಪರೀಕ್ಷೆಗಳಿಗೆ ಬೇಕಾಗಿದ್ದುದು ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳ ಪಾಂಡಿತ್ಯವೇ ಹೊರತು ಕಥನಕೌಶಲವಲ್ಲವಾದ್ದರಿಂದ, ಕಾದಂಬರಿ ಬರೆದವರಲ್ಲಿ ಅನೇಕರು ತಮ್ಮ ನಿಜನಾಮವನ್ನು ಮರೆಸಿಯೇ ಬರೆದರು. ಈ ಸ್ಥಿತಿ ಬದಲಾದದ್ದು ಸಾಹಿತ್ಯದೊಳಗಿನ ಚರ್ಚೆಯಿಂದಲ್ಲ, ಯುದ್ಧದ ಸೋಲಿನಿಂದ. 1895ರಲ್ಲಿ ಜಪಾನಿನ ಎದುರು ಸೋತ ಮೇಲೆ, ಹಡಗು ಮತ್ತು ಫಿರಂಗಿಗಳನ್ನು ಕೊಂಡುಕೊಂಡ ಮಾತ್ರಕ್ಕೆ ದೇಶ ಉಳಿಯುವುದಿಲ್ಲ, ಜನರ ಮನಸ್ಸೇ ಬದಲಾಗಬೇಕು ಎಂಬ ಮಾತು ಸುಧಾರಕರ ನಡುವೆ ಬಲವಾಯಿತು. ಅಕ್ಷರ ಕಲಿತವರೇ ಕಡಿಮೆಯಿದ್ದ ದೇಶದಲ್ಲಿ ಜನರ ಮನಸ್ಸನ್ನು ಮುಟ್ಟಬಲ್ಲ ಬರಹ ಯಾವುದೆಂದು ಹುಡುಕಹೊರಟವರ ಕಣ್ಣಿಗೆ ಬಿದ್ದದ್ದು, ಅಷ್ಟು ಕಾಲ ಪಂಡಿತರು ಮೂಗು ಮುರಿಯುತ್ತಿದ್ದ ಕಥೆಗಳೇ.

ಈ ವಿಚಾರಕ್ಕೆ ಸಿದ್ಧಾಂತದ ರೂಪ ಕೊಟ್ಟವನು ಲಿಯಾಂಗ್ ಚಿಚಾವ್. 1898ರ ಸುಧಾರಣಾ ಪ್ರಯತ್ನ ಸುಮಾರು ನೂರು ದಿನಗಳಲ್ಲಿ ಮುರಿದುಬಿದ್ದು, ರಾಜಮಾತೆ ಸಿಶಿಯ ಕಡೆಯವರು ಸುಧಾರಕರ ಬೇಟೆಗೆ ತೊಡಗಿದಾಗ, ಜಪಾನಿಗೆ ತಪ್ಪಿಸಿಕೊಂಡು ಬಂದ ಈ ಯುವ ವಿದ್ವಾಂಸ 1902ರಲ್ಲಿ ಯೊಕೊಹಾಮಾ ಬಂದರಿನಿಂದ ‘ಹೊಸ ಕಾದಂಬರಿ’ ಎಂಬ ಚೀನೀ ಪತ್ರಿಕೆಯನ್ನು ಹೊರಡಿಸಿದ. ಅದರ ಮೊದಲ ಸಂಚಿಕೆಯಲ್ಲಿ ಕಾದಂಬರಿಗೂ ಜನಸಮುದಾಯದ ಆಡಳಿತಕ್ಕೂ ಇರುವ ಸಂಬಂಧವನ್ನು ಕುರಿತು ಅವನು ಬರೆದ ಪ್ರಬಂಧ ಮುಂದಿನ ಅರ್ಧ ಶತಮಾನದ ಚರ್ಚೆಗೆಲ್ಲ ತಳಹದಿಯಾಯಿತು. ಒಂದು ದೇಶದ ಜನರನ್ನು ಹೊಸಬರನ್ನಾಗಿ ಮಾಡಬೇಕಾದರೆ ಮೊದಲು ಆ ದೇಶದ ಕಾದಂಬರಿಯನ್ನು ಹೊಸದು ಮಾಡಬೇಕು, ನೀತಿ, ಧರ್ಮ, ರಾಜಕೀಯ, ಆಚಾರ ಎಲ್ಲಕ್ಕೂ ಅದೇ ಮೊದಲ ಮೆಟ್ಟಿಲು ಎಂಬುದು ಅವನ ವಾದ. ಓದುಗನ ಮೇಲೆ ಕಾದಂಬರಿಗೆ ನಾಲ್ಕು ಬಗೆಯ ಶಕ್ತಿಯಿದೆಯೆಂದು ಅವನು ಎಣಿಸಿದ: ಅದು ಹೊಗೆಯಂತೆ ಮೆಲ್ಲಗೆ ಕವಿಯುತ್ತದೆ, ನೀರಿನಂತೆ ನೆನೆಸುತ್ತದೆ, ಮೊನೆಯಂತೆ ತಟ್ಟನೆ ಚುಚ್ಚುತ್ತದೆ, ಕೊನೆಗೆ ಓದುಗನನ್ನು ಅವನಿರುವ ಜಾಗದಿಂದಲೇ ಎತ್ತಿ ಕಥಾನಾಯಕನ ಜಾಗದಲ್ಲಿ ಕೂರಿಸುತ್ತದೆ. ಇಷ್ಟು ಶಕ್ತಿಯುಳ್ಳ ವಸ್ತು ಕೆಟ್ಟವರ ಕೈಯಲ್ಲಿದ್ದರೆ ಕೇಡೂ ಅಷ್ಟೇ ದೊಡ್ಡದು ಎಂಬ ಮಾತು ಅದೇ ಪ್ರಬಂಧದಲ್ಲಿದೆ. ಜನರ ಮೂಢನಂಬಿಕೆ, ಹುದ್ದೆಯ ಹಪಾಹಪಿ, ದರೋಡೆಕೋರರ ಆರಾಧನೆ ಎಲ್ಲದರ ತಪ್ಪನ್ನೂ ಲಿಯಾಂಗ್ ಹಳೆಯ ಕಾದಂಬರಿಗಳ ತಲೆಗೇ ಕಟ್ಟಿದ. ಕಾದಂಬರಿಯನ್ನು ಹೊಗಳಿದವನೇ ಅದಕ್ಕೆ ಕಾವಲುಗಾರ ಬೇಕೆಂಬ ವಾದಕ್ಕೂ ಬಾಗಿಲು ತೆರೆದಿಟ್ಟನೆಂಬುದನ್ನು ಆಗ ಯಾರೂ ಗಮನಿಸಿದಂತೆ ಕಾಣುವುದಿಲ್ಲ.

ತನ್ನ ಸಿದ್ಧಾಂತಕ್ಕೆ ಮಾದರಿಯಾಗಲೆಂದು ಲಿಯಾಂಗ್ ಅದೇ ಪತ್ರಿಕೆಯಲ್ಲಿ ‘ಹೊಸ ಚೀನದ ಭವಿಷ್ಯ’ ಎಂಬ ಕಾದಂಬರಿಯನ್ನೂ ಆರಂಭಿಸಿದ. ಅದು ತೆರೆದುಕೊಳ್ಳುವುದು ಅರವತ್ತು ವರ್ಷಗಳ ಮುಂದಿನ ಚೀನದಲ್ಲಿ: ಸುಧಾರಣೆಯ ಐವತ್ತನೆಯ ವರ್ಷದ ಉತ್ಸವ ನಡೆಯುತ್ತಿದೆ, ಶಾಂಘೈಯಲ್ಲಿ ಮಹಾ ಪ್ರದರ್ಶನ ಏರ್ಪಟ್ಟಿದೆ, ವಯೋವೃದ್ಧ ವಿದ್ವಾಂಸನೊಬ್ಬ ಈ ವೈಭವ ಹೇಗೆ ಬಂತೆಂದು ಸಭೆಗೆ ವಿವರಿಸತೊಡಗುತ್ತಾನೆ. ಅವನ ಉಪನ್ಯಾಸದೊಳಗಿನ ಇಬ್ಬರು ಗೆಳೆಯರು ಕ್ರಾಂತಿಯೋ ಸುಧಾರಣೆಯೋ ಎಂದು ಪುಟಗಟ್ಟಲೆ ವಾದಿಸುತ್ತಾರೆ. ಐದು ಅಧ್ಯಾಯಗಳಾದ ಮೇಲೆ ಕೃತಿ ನಿಂತುಹೋಗುತ್ತದೆ. ಮುಕ್ತಾಯ ಮೊದಲೇ ಗೊತ್ತಿದ್ದು ಅಲ್ಲಿಗೆ ಹೋಗುವ ದಾರಿ ಮಾತ್ರ ಲೇಖಕನಿಗೆ ಸಿಗಲಿಲ್ಲ. ಇದನ್ನು ಒಬ್ಬ ಪತ್ರಕರ್ತನ ಅವಸರವೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಮುಂದಿನ ಐವತ್ತು ವರ್ಷಗಳಲ್ಲಿ ಚೀನೀ ಕಾದಂಬರಿಕಾರರಿಗೂ ಅವರ ಸಮಾಜಕ್ಕೂ ನಡೆದ ಜಗಳದ ಬಹುಪಾಲು ಕಥೆಗಳ ಕೊನೆಯ ಪುಟಗಳಲ್ಲಿಯೇ ನಡೆದಿರುವುದರಿಂದ, ಈ ಅಪೂರ್ಣ ಕಾದಂಬರಿಗೆ ಅದರ ಸಾಹಿತ್ಯಗುಣಕ್ಕೆ ಮೀರಿದ ಮಹತ್ವವಿದೆ.

ಲಿಯಾಂಗನ ಕರೆಗೆ ಓಗೊಟ್ಟವರು ಅವನು ಬಯಸಿದ್ದನ್ನು ಬರೆಯಲಿಲ್ಲ. ಶಾಂಘೈಯ ವಿದೇಶಿ ವಸಾಹತುಗಳಲ್ಲಿ ಚಿಂಗ್ ಸರ್ಕಾರದ ಅಧಿಕಾರ ಪೂರ್ತಿಯಾಗಿ ನಡೆಯುತ್ತಿರಲಿಲ್ಲ. ಅಲ್ಲಿನ ಮುದ್ರಣಾಲಯಗಳು ಪತ್ರಿಕೆಗಳನ್ನೂ ಧಾರಾವಾಹಿಗಳನ್ನೂ ಹೊರತರುತ್ತಿದ್ದವು. 1905ರಲ್ಲಿ ಪರೀಕ್ಷಾ ಪದ್ಧತಿಯೇ ರದ್ದಾದಾಗ, ಹುದ್ದೆಗಾಗಿ ವರ್ಷಗಟ್ಟಲೆ ಓದಿದ್ದವರಲ್ಲಿ ಹಲವರಿಗೆ ಲೇಖನಿಯೇ ಅನ್ನದ ದಾರಿಯಾಯಿತು. ಲಿ ಬೊಯುವಾನ್ ಬರೆದ ‘ಅಧಿಕಾರಿವರ್ಗದ ನಿಜರೂಪ’ದಂಥ ಕೃತಿಗಳು ಲಂಚಕೋರ ಅಧಿಕಾರಿಗಳನ್ನು ಸಾಲುಸಾಲಾಗಿ ನಿಲ್ಲಿಸಿ ಬೆತ್ತಲಾಗಿಸಿದವು, ಓದುಗರು ನಕ್ಕರು, ಪತ್ರಿಕೆಗಳು ಖರ್ಚಾದವು. ಇಂಥವುಗಳಿಗೆ ಮುಂದೆ ಲೇಖಕ ಲು ಶುನ್ ‘ಖಂಡನಾ ಕಾದಂಬರಿ’ಗಳೆಂದು ಹೆಸರಿಟ್ಟು, ಅವು ಬೈಯುವುದರಲ್ಲಿ ಮಿತಿಮೀರಿದವೆಂದು ಆಕ್ಷೇಪಿಸಿದ್ದು ಸರಿಯಾಗಿಯೇ ಇದೆ.

ಅವುಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಲಿಯು ಎ ಎಂಬವನು 1903ರಲ್ಲಿ ಆರಂಭಿಸಿದ ‘ಲಾವ್ ತ್ಸಾನನ ಪ್ರವಾಸ’ದಲ್ಲಿ ಊರೂರು ಅಲೆಯುವ ನಾಟಿವೈದ್ಯನೊಬ್ಬ ಶಾಂಡಾಂಗ್ ಪ್ರಾಂತದ ರೋಗಗಳನ್ನು ನೋಡುತ್ತ ಹೋಗುತ್ತಾನೆ. ಮೊದಲ ಅಧ್ಯಾಯದಲ್ಲಿಯೇ ಅವನಿಗೊಂದು ಕನಸು: ಸಮುದ್ರದಲ್ಲಿ ಬಿರುಕುಬಿಟ್ಟ ದೊಡ್ಡ ಹಡಗೊಂದು ಅಲೆಗಳಿಗೆ ಸಿಕ್ಕಿ ಒದ್ದಾಡುತ್ತಿದೆ, ನಾವಿಕರು ಪ್ರಯಾಣಿಕರ ಬಟ್ಟೆಬರೆ ಕಸಿಯುವುದರಲ್ಲಿ ಮಗ್ನರು, ಭಾಷಣಕಾರನೊಬ್ಬ ಜನರಿಂದ ಹಣ ಎತ್ತಿಕೊಂಡು ತಾನು ಸುರಕ್ಷಿತ ಮೂಲೆಯಲ್ಲಿ ನಿಂತು ಹೋರಾಡಿರೆಂದು ಕೂಗುತ್ತಿದ್ದಾನೆ. ಲಾವ್ ತ್ಸಾನ್ ಮತ್ತು ಗೆಳೆಯರು ದೋಣಿಯಲ್ಲಿ ಹೋಗಿ ದಿಕ್ಸೂಚಿಯನ್ನು ಕೊಡಲು ಮುಂದಾದರೆ, ಅದು ಪರದೇಶದ ಉಪಕರಣವೆಂಬ ಕಾರಣಕ್ಕೆ ಅವರನ್ನೇ ದ್ರೋಹಿಗಳೆಂದು ಕರೆದು ನೀರಿಗೆ ತಳ್ಳುತ್ತಾರೆ. ಲಿಯು ಎ ಸ್ವತಃ ಹಳದಿ ನದಿಯ ಪ್ರವಾಹ ನಿಯಂತ್ರಣದಲ್ಲಿ ಕೆಲಸ ಮಾಡಿ, ವಿದೇಶಿ ಬಂಡವಾಳದಿಂದ ಗಣಿ ಮತ್ತು ರೈಲುಮಾರ್ಗ ತರಬೇಕೆಂದು ವಾದಿಸಿ, ದ್ರೋಹಿಯೆಂಬ ಬಿರುದನ್ನು ಆಗಲೇ ಪಡೆದಿದ್ದವನು. ಅವನ ಕಾದಂಬರಿಯ ನಿಜವಾದ ಸಾಹಸ, ಲಂಚ ಮುಟ್ಟದ ಅಧಿಕಾರಿಯೇ ಲಂಚಕೋರನಿಗಿಂತ ಹೆಚ್ಚು ಅಪಾಯಕಾರಿ ಎಂಬ ಮಾತಿನಲ್ಲಿದೆ; ತಾನು ಶುದ್ಧನೆಂಬ ಭರವಸೆಯಲ್ಲಿ ಅಂಥವನು ಯಾರ ಮಾತನ್ನೂ ಕೇಳದೆ ಅಮಾಯಕರನ್ನು ಕೈದಿಗಳು ನಿಂತೇ ಸಾಯುವ ಪಂಜರಗಳಿಗೆ ಹಾಕುತ್ತ ಹೋಗುತ್ತಾನೆ, ಮತ್ತು ಆ ಕಠಿಣತನಕ್ಕಾಗಿಯೇ ಅವನಿಗೆ ಬಡ್ತಿ ಸಿಗುತ್ತದೆ. 1900ರ ಬಾಕ್ಸರ್ ದಂಗೆಯ ಸಮಯದಲ್ಲಿ ಬೀಜಿಂಗಿನಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗಾಗಿ ರಷ್ಯನ್ ಸೈನಿಕರ ವಶದಲ್ಲಿದ್ದ ಸರ್ಕಾರಿ ಕಣಜದ ಅಕ್ಕಿಯನ್ನು ಲಿಯು ಎ ಕೊಂಡು ಹಂಚಿದ್ದ. ಅದೇ ಅಪರಾಧವಾಗಿ 1908ರಲ್ಲಿ ಅವನನ್ನು ಶಿನ್‌ಜಿಯಾಂಗಿಗೆ ಗಡೀಪಾರು ಮಾಡಲಾಯಿತು, ಮರುವರ್ಷ ಅವನು ಅಲ್ಲಿಯೇ ತೀರಿಕೊಂಡ.

1911ರ ಕ್ರಾಂತಿ ಅರಸೊತ್ತಿಗೆಯನ್ನು ಕೊನೆಗಾಣಿಸಿತು, ಆದರೆ ಅಧಿಕಾರ ಸೇನಾಧಿಪತಿಗಳ ಪಾಲಾಯಿತು. ಓದುಗರು ದೇಶೋದ್ಧಾರದ ಕಥೆಗಳನ್ನು ಬಿಟ್ಟು ವಿರಹಿ ಪ್ರೇಮಿಗಳ ಕಣ್ಣೀರಿನ ಕಥೆಗಳಿಗೆ ಮುಗಿಬಿದ್ದರು. ಈ ಹಿನ್ನೆಲೆಯಲ್ಲಿ 1915ರಲ್ಲಿ ಚೆನ್ ದುಶಿಯು ಆರಂಭಿಸಿದ, ಮುಂದೆ ‘ಹೊಸ ಯೌವನ’ ಎಂದು ಹೆಸರಾದ ಪತ್ರಿಕೆಯೂ, 1917ರಲ್ಲಿ ಅದರಲ್ಲಿ ಹು ಶಿ ಮಂಡಿಸಿದ ‘ಬೈಹುವಾ’ ಪರವಾದ ವಾದವೂ ಬಂದವು. ಬೈಹುವಾ ಎಂದರೆ ಆಡುಮಾತಿಗೆ ಹತ್ತಿರವಾದ ಗದ್ಯ. ಎರಡು ಸಾವಿರ ವರ್ಷಗಳಿಂದ ವಿದ್ವಾಂಸರು ಬಳಸುತ್ತಿದ್ದ ಗ್ರಾಂಥಿಕ ಭಾಷೆಯನ್ನು ತೊರೆದು ಇದರಲ್ಲಿಯೇ ಗಂಭೀರ ಸಾಹಿತ್ಯವನ್ನು ಬರೆಯಬೇಕೆಂಬುದು ಹೊಸಬರ ಹಟ. 1920ರಲ್ಲಿ ಪ್ರಾಥಮಿಕ ಶಾಲೆಯ ಕೆಳತರಗತಿಗಳಿಗೆ ಬೈಹುವಾ ಪಠ್ಯಗಳು ಬರಬೇಕೆಂದು ಸರ್ಕಾರವೇ ಆಜ್ಞೆ ಹೊರಡಿಸಿದಾಗ ಆ ಹಟ ಗೆದ್ದಂತಾಯಿತು.

ಹೊಸ ಗದ್ಯದ ಮೊದಲ ದೊಡ್ಡ ಲೇಖಕ ಲು ಶುನ್ ಈ ಗೆಲುವನ್ನು ನಂಬಿದವನಲ್ಲ. ಜಪಾನಿನ ಸೆಂದಾಯಿಯಲ್ಲಿ ವೈದ್ಯಕೀಯ ಓದುತ್ತಿದ್ದಾಗ, ಸಹಚೀನೀಯನೊಬ್ಬನ ಶಿರಚ್ಛೇದವನ್ನು ಮಂಕಾಗಿ ನೋಡುತ್ತ ನಿಂತ ಚೀನೀಯರ ಚಿತ್ರವನ್ನು ತರಗತಿಯ ಪರದೆಯ ಮೇಲೆ ಕಂಡು, ದೇಹಕ್ಕಿಂತ ಮನಸ್ಸಿಗೆ ಚಿಕಿತ್ಸೆ ಮುಖ್ಯವೆಂದು ಸಾಹಿತ್ಯಕ್ಕೆ ತಿರುಗಿದವನು ಅವನು. ಅಷ್ಟರಮಟ್ಟಿಗೆ ಲಿಯಾಂಗನ ವಾರಸುದಾರ. ಆದರೆ 1909ರಲ್ಲಿ ತಮ್ಮನೊಂದಿಗೆ ಸೇರಿ ಪ್ರಕಟಿಸಿದ ಅನುವಾದಿತ ಕಥೆಗಳ ಸಂಪುಟಗಳು ಟೋಕಿಯೊದಲ್ಲಿ ತಲಾ ಇಪ್ಪತ್ತರಷ್ಟು ಪ್ರತಿ ಮಾರಾಟವಾದದ್ದನ್ನು ಕಂಡ ಮೇಲೆ, ಮುಂದಿನ ಹಲವು ವರ್ಷಗಳನ್ನು ಅವನು ಬೀಜಿಂಗಿನ ವಸತಿಗೃಹವೊಂದರಲ್ಲಿ ಹಳೆಯ ಶಾಸನಗಳ ನಕಲು ಮಾಡುತ್ತ ಕಳೆದ. ಗೆಳೆಯನೊಬ್ಬನ ಒತ್ತಾಯಕ್ಕೆ 1918ರ ಮೇ ತಿಂಗಳ ‘ಹೊಸ ಯೌವನ’ದಲ್ಲಿ ಅವನು ಪ್ರಕಟಿಸಿದ ‘ಹುಚ್ಚನ ದಿನಚರಿ’ಯನ್ನು ಸಾಮಾನ್ಯವಾಗಿ ಸಂಪ್ರದಾಯದ ವಿರುದ್ಧದ ಘೋಷಣೆಯೆಂದು ಓದುತ್ತಾರೆ. ದಿನಚರಿಯ ಬರಹಗಾರನಿಗೆ ಧರ್ಮನೀತಿಗಳ ಇತಿಹಾಸಗ್ರಂಥದ ಸಾಲುಗಳ ನಡುವೆ ಮನುಷ್ಯರನ್ನು ತಿನ್ನಿರೆಂಬ ಬರಹವೇ ಕಾಣುತ್ತದೆ. ಕೊನೆಯಲ್ಲಿ ಅವನು ಮಕ್ಕಳನ್ನಾದರೂ ಉಳಿಸಿರೆಂದು ಮೊರೆಯಿಡುತ್ತಾನೆ. ಆದರೆ ಈ ದಿನಚರಿಗೆ ಗ್ರಾಂಥಿಕ ಭಾಷೆಯಲ್ಲಿ ಬರೆದ ಪುಟ್ಟ ಮುನ್ನುಡಿಯೊಂದಿದೆ. ಹುಚ್ಚ ಈಗ ಗುಣಮುಖನಾಗಿದ್ದಾನೆ, ಸರ್ಕಾರಿ ಹುದ್ದೆಯೊಂದಕ್ಕೆ ಉಮೇದುವಾರನಾಗಿ ಬೇರೆಡೆಗೆ ಹೋಗಿದ್ದಾನೆ ಎಂದು ಅದು ತಿಳಿಸುತ್ತದೆ. ಕಥೆಯ ನಿಜವಾದ ಕೊನೆ ಅದರ ಮೊದಲ ಪುಟದಲ್ಲಿಯೇ ಇದೆ. ಸಮಾಜವನ್ನು ಕಂಡುಕೊಂಡ ಒಬ್ಬನೇ ಒಬ್ಬ ಮನುಷ್ಯನನ್ನು ಆ ಸಮಾಜ ವಾಸಿ ಮಾಡಿ ವಾಪಸು ಪಡೆದಿದೆ.

ಇಷ್ಟು ಕಹಿ ‘ಹೊಸ ಯೌವನ’ದ ಬಳಗಕ್ಕೆ ರುಚಿಸುವಂಥದ್ದಲ್ಲ. 1919ರಲ್ಲಿ ಬಂದ ‘ಔಷಧ’ ಕಥೆಯಲ್ಲಿ ಕ್ಷಯರೋಗಿಯಾದ ಮಗನಿಗೆ ಕ್ರಾಂತಿಕಾರಿಯೊಬ್ಬನ ರಕ್ತದಲ್ಲಿ ಅದ್ದಿದ ರೊಟ್ಟಿಯನ್ನು ತಂದೆತಾಯಿ ತಿನ್ನಿಸುತ್ತಾರೆ, ಮಗ ಸಾಯುತ್ತಾನೆ. ಕೊನೆಯಲ್ಲಿ ಕ್ರಾಂತಿಕಾರಿಯ ಸಮಾಧಿಯ ಮೇಲೆ ಯಾರೋ ಇಟ್ಟ ಹೂಮಾಲೆ ಕಾಣುತ್ತದೆ. ಆ ಮಾಲೆ ಅಲ್ಲಿ ತಾನಾಗಿ ಬಂದದ್ದಲ್ಲ, ಬಳಗದ ಆಗಿನ ದಳಪತಿಗಳಿಗೆ ನಿರಾಶೆ ಒಗ್ಗುತ್ತಿರಲಿಲ್ಲವಾದ್ದರಿಂದ ತಾನೇ ತಂದಿಟ್ಟದ್ದು ಎಂದು ಲು ಶುನ್ 1922ರಲ್ಲಿ ತನ್ನ ಕಥಾಸಂಕಲನದ ಮುನ್ನುಡಿಯಲ್ಲಿ ಒಪ್ಪಿಕೊಂಡ. ಮುಕ್ತಾಯಗಳ ಮೇಲೆ ಬೀಳುವ ಒತ್ತಡವನ್ನು ಇಷ್ಟು ನಿರ್ಮಮವಾಗಿ ದಾಖಲಿಸಿದ ಇನ್ನೊಬ್ಬ ಲೇಖಕ ಸಿಗುವುದು ಕಷ್ಟ. ಒತ್ತಡಕ್ಕೆ ಮಣಿದದ್ದನ್ನೂ, ಅದು ಮಣಿತವೆಂಬುದನ್ನೂ ಅವನು ಒಟ್ಟಿಗೆ ಹೇಳಿದ. 1921ರ ಡಿಸೆಂಬರಿನಿಂದ ಬೀಜಿಂಗಿನ ದಿನಪತ್ರಿಕೆಯ ಪುರವಣಿಯಲ್ಲಿ ಧಾರಾವಾಹಿಯಾಗಿ ಬಂದ ‘ಆ ಕ್ಯೂನ ನಿಜಕಥೆ’ಯಲ್ಲಿ ಅಂಥ ಮಾಲೆಯಿಲ್ಲ. ಹೊಡೆಸಿಕೊಂಡಾಗಲೆಲ್ಲ ಮನಸ್ಸಿನಲ್ಲೇ ಗೆದ್ದೆನೆಂದುಕೊಳ್ಳುವ ಹಳ್ಳಿಯ ಕೂಲಿಯಾಳು, 1911ರ ಕ್ರಾಂತಿಯಲ್ಲಿ ಸೇರಿಕೊಳ್ಳಲು ಹೋಗಿ, ಮಾಡದ ದರೋಡೆಗಾಗಿ ಸಿಕ್ಕಿಬೀಳುತ್ತಾನೆ. ಅಕ್ಷರ ಬಾರದ ಅವನಿಗೆ ರುಜುವಿನ ಬದಲು ಒಂದು ವೃತ್ತ ಬರೆಯಲು ಹೇಳಿದಾಗ, ತಾನು ಸಹಿ ಹಾಕುತ್ತಿರುವುದು ಯಾವುದಕ್ಕೆಂಬ ಯೋಚನೆಗಿಂತ, ವೃತ್ತ ದುಂಡಗೆ ಬರಲಿಲ್ಲವೆಂಬ ನಾಚಿಕೆಯೇ ಅವನಿಗೆ ದೊಡ್ಡದಾಗುತ್ತದೆ. ಕಂತುಗಳು ಬರುತ್ತಿದ್ದಾಗ, ಕಾವ್ಯನಾಮದ ಹಿಂದಿರುವ ಲೇಖಕ ಯಾರೆಂದು ತಿಳಿಯದೆ, ಇದು ತಮ್ಮನ್ನೇ ಗುರಿಯಾಗಿಸಿದ ಲೇವಡಿಯೆಂದು ದಿಗಿಲುಗೊಂಡ ಓದುಗರಿದ್ದರು. ಲಿಯಾಂಗ್ ಹೇಳಿದ ನಾಲ್ಕನೆಯ ಶಕ್ತಿ, ಓದುಗನನ್ನು ನಾಯಕನ ಜಾಗದಲ್ಲಿ ಕೂರಿಸುವುದು, ಇಲ್ಲಿ ಕೆಲಸ ಮಾಡಿತು, ಆದರೆ ಅವನು ಊಹಿಸದಿದ್ದ ದಿಕ್ಕಿನಲ್ಲಿ. 1927ರಲ್ಲಿ ವಾಂಪೋ ಸೈನಿಕ ಶಾಲೆಯ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತ ಲು ಶುನ್, ಸೇನಾಧಿಪತಿಯನ್ನು ಓಡಿಸುವುದು ಕವಿತೆಯಲ್ಲ, ಫಿರಂಗಿ, ಎಂಬರ್ಥದ ಮಾತನ್ನು ಹೇಳಿ, ಸಾಹಿತ್ಯದ ಬಲದ ಬಗ್ಗೆ ಉಳಿದಿದ್ದ ಭ್ರಮೆಯನ್ನೂ ತಳ್ಳಿಹಾಕಿದ.

ಹಾಗೆಂದು ಕಾದಂಬರಿಗಳು ಜನರ ಬದುಕನ್ನು ಬದಲಿಸಲೇ ಇಲ್ಲವೆನ್ನಲಾಗದು. ಬಾ ಜಿನ್ 1931ರಲ್ಲಿ ಶಾಂಘೈಯ ‘ಶಿಬಾವ್’ ದಿನಪತ್ರಿಕೆಯಲ್ಲಿ ಆರಂಭಿಸಿ, 1933ರಲ್ಲಿ ಪುಸ್ತಕವಾಗಿ ತಂದ ‘ಕುಟುಂಬ’ವೇ ಅದಕ್ಕೆ ಸಾಕ್ಷಿ. ಚೆಂಗ್ದು ನಗರದ ದೊಡ್ಡ ಅವಿಭಕ್ತ ಕುಟುಂಬವೊಂದರಲ್ಲಿ ಅಜ್ಜನ ಮಾತೇ ಕಾನೂನು. ಹಿರಿಯ ಮೊಮ್ಮಗ ಜುಯೆಶಿನ್ ಎಲ್ಲಕ್ಕೂ ತಲೆಬಾಗುತ್ತಾನೆ. ಅಜ್ಜನ ಶವ ಮನೆಯಲ್ಲಿರುವಾಗ ಹೆರಿಗೆಯ ರಕ್ತದ ಮೈಲಿಗೆ ತಾಕಬಾರದೆಂದು ಹಿರಿಯರು ಹೇಳಿದಾಗ ತುಂಬು ಗರ್ಭಿಣಿ ಹೆಂಡತಿಯನ್ನು ಊರಾಚೆಯ ಮನೆಗೆ ಸಾಗಿಸಲು ಒಪ್ಪುತ್ತಾನೆ, ಅವಳು ಹೆರಿಗೆಯಲ್ಲಿ ಸಾಯುವಾಗ ಮುಚ್ಚಿದ ಬಾಗಿಲಿನ ಹೊರಗೆ ನಿಂತಿರುತ್ತಾನೆ. ಮುದುಕನೊಬ್ಬನಿಗೆ ಉಪಪತ್ನಿಯಾಗಿ ಹೋಗಬೇಕಾದ ಮನೆಗೆಲಸದ ಹುಡುಗಿ ಮಿಂಗ್‌ಫೆಂಗ್ ಕೊಳಕ್ಕೆ ಬೀಳುತ್ತಾಳೆ. ಕಿರಿಯ ಮೊಮ್ಮಗ ಜುಯೆಹುಯಿ ಮಾತ್ರ ಕೊನೆಗೆ ಮನೆ ಬಿಟ್ಟು ಶಾಂಘೈಯ ದಾರಿ ಹಿಡಿಯುತ್ತಾನೆ. ಬಾ ಜಿನ್ ತನ್ನ ಹಿರಿಯಣ್ಣನನ್ನೇ ಜುಯೆಶಿನ್‌ನ ಪಾತ್ರಕ್ಕೆ ಮಾದರಿಯಾಗಿಟ್ಟುಕೊಂಡಿದ್ದ. ಅಣ್ಣ ಇದನ್ನು ಓದಿ ಎಚ್ಚೆತ್ತುಕೊಳ್ಳಲಿ ಎಂಬ ಆಸೆಯೂ ಅದರಲ್ಲಿತ್ತು. ಧಾರಾವಾಹಿ ಆರಂಭವಾದ ಮರುದಿನವೇ, ಅಣ್ಣ ವಿಷ ಕುಡಿದು ಸತ್ತನೆಂಬ ತಂತಿ ಬಂತು. ಒಬ್ಬ ಓದುಗನಿಗಾಗಿ ಬರೆದ ಪುಸ್ತಕ ಅವನಿಗೆ ತಲುಪಲಿಲ್ಲ, ಆದರೆ ಮುಂದಿನ ಎರಡು ದಶಕಗಳಲ್ಲಿ ಮನೆಯವರು ಗೊತ್ತುಮಾಡಿದ ಮದುವೆಯನ್ನು ಧಿಕ್ಕರಿಸಿ ಹೊರಟ ಎಷ್ಟೋ ಯುವಕ ಯುವತಿಯರ ಕೈಯಲ್ಲಿ ಅದಿತ್ತು. ಜುಯೆಹುಯಿ ಮನೆ ಬಿಟ್ಟು ಹೋಗಿ ಏನಾದ ಎಂಬುದನ್ನು ಕಾದಂಬರಿ ಹೇಳುವುದಿಲ್ಲ. ಆ ಖಾಲಿ ಜಾಗವೇ ಓದುಗರಿಗೆ ಕಾಲಿಡಲು ಎಡೆಯಾಯಿತೆನ್ನಬಹುದು.

ಇದೇ ಕಾಲದಲ್ಲಿ ಅತಿ ಹೆಚ್ಚು ಓದಿಸಿಕೊಂಡವರ ಸಾಲಿನಲ್ಲಿದ್ದವನು ಸುಧಾರಕರು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಂಗ್ ಹೆನ್‌ಶುಯಿ. ಲು ಶುನ್‌ನ ತಾಯಿಗೂ ಇವನ ಕಥೆಗಳೇ ಪ್ರಿಯ. ಮಗ ಅವುಗಳನ್ನು ಶಾಂಘೈಯಿಂದ ಅಂಚೆಯಲ್ಲಿ ಕಳಿಸಿಕೊಡುತ್ತಿದ್ದ, ತಾನು ಮಾತ್ರ ಓದಿಲ್ಲವೆಂದು ಕಾಗದದಲ್ಲಿ ಬರೆದ. ಜಾಂಗನ ‘ಕಣ್ಣೀರು ನಗೆಗಳ ಬೆಸುಗೆ’ 1930ರಲ್ಲಿ ಪತ್ರಿಕೆಯಲ್ಲಿ ಮುಗಿದಾಗ, ಮುಂದೇನಾಯಿತೆಂದು ಓದುಗರು ಪೀಡಿಸಿದರು. ಮುಂದುವರಿಸುವುದಿಲ್ಲವೆಂದು ಲೇಖಕ ಹಟ ಹಿಡಿದ. 1931ರಲ್ಲಿ ಜಪಾನ್ ಮಂಚೂರಿಯವನ್ನು ನುಂಗಿದ ಮೇಲೆ, 1933ರಲ್ಲಿ ಅವನೇ ಉತ್ತರಭಾಗವನ್ನು ಬರೆದು ತನ್ನ ಪಾತ್ರಗಳಲ್ಲಿ ಕೆಲವರನ್ನು ಸ್ವಯಂಸೇವಕ ಸೇನೆಗೆ ಸೇರಿಸಿ ರಣರಂಗದಲ್ಲಿ ಸಾಯಿಸಿದ. ಪ್ರೇಮಕಥೆಯ ಕೊನೆಯನ್ನೂ ದೇಶದ ಸಂಕಟ ತಿದ್ದಿತು.

ಎಡಪಂಥೀಯರ ತಿದ್ದುಪಡಿ ಇನ್ನೂ ವ್ಯವಸ್ಥಿತವಾಗಿತ್ತು. 1927ರಲ್ಲಿ ಚಿಯಾಂಗ್ ಕೈ ಶೇಕ್ ಕಮ್ಯುನಿಸ್ಟರ ಕಗ್ಗೊಲೆ ನಡೆಸಿದ ನಂತರ ಶಾಂಘೈಯಲ್ಲಿ ಅಡಗಿದ್ದ ಮಾವೋ ದುನ್, ಆ ಸೋಲಿನ ಬಗ್ಗೆ ಬರೆದ ‘ಗ್ರಹಣ’ ಕಾದಂಬರಿತ್ರಯಕ್ಕೆ ಸ್ವಂತ ಪಾಳೆಯದಿಂದಲೇ ನಿರಾಶಾವಾದದ ಆಪಾದನೆ ಬಂತು. 1930ರ ಮಾರ್ಚಿನಲ್ಲಿ ಎಡಪಂಥೀಯ ಲೇಖಕರ ಒಕ್ಕೂಟ ಸ್ಥಾಪನೆಯಾಯಿತು. ಮರುವರ್ಷ ಫೆಬ್ರವರಿಯಲ್ಲಿ ಅದರ ಐವರು ಯುವ ಲೇಖಕರನ್ನು ಸರ್ಕಾರ ಗುಂಡಿಟ್ಟು ಕೊಂದಿತು. ಮಾವೋ ದುನ್ ಆಗ ಬರೆಯುತ್ತಿದ್ದ ‘ಮಧ್ಯರಾತ್ರಿ’ ರೇಷ್ಮೆ ನೂಲಿನ ಕಾರ್ಖಾನೆಯ ಒಡೆಯ ವು ಸುನ್‌ಫು ಮತ್ತು ವಿದೇಶಿ ಬಂಡವಾಳದ ದಲ್ಲಾಳಿ ಜಾವ್ ಬೊತಾವ್ ನಡುವೆ ಸರ್ಕಾರಿ ಸಾಲಪತ್ರಗಳ ಪೇಟೆಯಲ್ಲಿ ನಡೆಯುವ ಕಾಳಗದ ಕಥೆ. ಚೀನ ಸ್ವತಂತ್ರ ಬಂಡವಾಳಶಾಹಿಯ ದಾರಿಯಲ್ಲಿ ಸಾಗಬಲ್ಲದೇ ಎಂಬ ಆ ದಿನಗಳ ವಾದಕ್ಕೆ ಉತ್ತರವಾಗಿ ಅವನು ಅದನ್ನು ಯೋಜಿಸಿದ್ದ. ಮೊದಲ ಯೋಜನೆಯಲ್ಲಿ ಇಬ್ಬರು ಎದುರಾಳಿಗಳೂ ಕೊನೆಗೆ ರಾಜಿಯಾಗುತ್ತಿದ್ದರು. 1931ರ ವಸಂತದಲ್ಲಿ ಪೊಲೀಸರಿಂದ ತಲೆಮರೆಸಿಕೊಂಡು ಅವನ ಮನೆಯಲ್ಲಿ ತಂಗಿದ್ದ ಕಮ್ಯುನಿಸ್ಟ್ ಪಕ್ಷದ ಮಾಜಿ ನಾಯಕ ಚು ಚಿಯುಬೈ ಹಸ್ತಪ್ರತಿ ಓದಿ, ರಾಜಿ ಬೇಡ, ದೇಶೀ ಉದ್ಯಮಿ ನೆಲಕಚ್ಚಬೇಕು ಎಂದ. ಇಂಥ ಶ್ರೀಮಂತ ಫೋರ್ಡ್ ಕಾರಿನಲ್ಲಿ ಓಡಾಡುವುದಿಲ್ಲ, ಸಿಟ್ರೋಯೆನ್ ಕಾರನ್ನೇ ಕೊಡಿ ಎಂದೂ ಸೂಚಿಸಿದ. ಮಾವೋ ದುನ್ ಎರಡನ್ನೂ ಒಪ್ಪಿದ. 1933ರಲ್ಲಿ ಬಂದ ಕಾದಂಬರಿಯಲ್ಲಿ ವು ದಿವಾಳಿಯಾಗುತ್ತಾನೆ. ಚು ಕೊಟ್ಟ ಮುಕ್ತಾಯ ಹಿಂದಿನದಕ್ಕಿಂತ ನಿಸ್ಸಂದೇಹವಾಗಿ ಉತ್ತಮ. ಆದರೆ ಕಾದಂಬರಿಯ ಕೊನೆ ಪಕ್ಷದ ವಿಶ್ಲೇಷಣೆಗೆ ಹೊಂದಬೇಕೆಂಬ ಪದ್ಧತಿಯೂ ಅದರೊಂದಿಗೇ ಒಳಗೆ ಬಂತು.

ಮಾವೋ ದುನ್‌ನ ನಿಜವಾದ ಸಾಧನೆ ಆ ದಪ್ಪ ಕಾದಂಬರಿಗಿಂತ 1932ರ ‘ವಸಂತದ ರೇಷ್ಮೆಹುಳುಗಳು’ ಎಂಬ ನೀಳ್ಗತೆಯಲ್ಲಿದೆ. ಮುದುಕ ತುಂಗ್‌ಬಾವ್‌ನ ಮನೆಯವರು ಮೊಟ್ಟೆ ಹಾಳೆಗಳನ್ನು ಎದೆಗವಚಿಕೊಂಡು ಮೈಕಾವಿನಲ್ಲಿ ಮರಿ ಮಾಡಿಸುತ್ತಾರೆ. ಮಣ್ಣು ಮೆತ್ತಿದ ಬೆಳ್ಳುಳ್ಳಿ ಗಡ್ಡೆಯನ್ನು ಗೋಡೆಯ ಬುಡದಲ್ಲಿಟ್ಟು ಅದು ಎಷ್ಟು ಮೊಳಕೆ ಬಿಡುತ್ತದೆಂದು ಶಕುನ ನೋಡುತ್ತಾರೆ. ಹಿಪ್ಪುನೇರಳೆ ಸೊಪ್ಪಿಗಾಗಿ ಸಾಲ ಮಾಡಿ, ನಿದ್ದೆಗೆಟ್ಟು ಹುಳುಗಳಿಗೆ ಉಣಿಸುತ್ತಾರೆ. ಗೂಡು ಹಿಂದೆಂದೂ ಕಾಣದಷ್ಟು ಚೆನ್ನಾಗಿ ಬರುತ್ತದೆ. ಆದರೆ ಜಪಾನಿನ ಪೈಪೋಟಿ, ಜಗತ್ತಿನ ಆರ್ಥಿಕ ಕುಸಿತ ಮತ್ತು ಯುದ್ಧದಿಂದಾಗಿ ನೂಲಿನ ಕಾರ್ಖಾನೆಗಳು ಬಾಗಿಲು ಹಾಕಿವೆ. ಬೆಳೆ ಗೆದ್ದವರು ಮೊದಲಿಗಿಂತ ಹೆಚ್ಚು ಸಾಲಗಾರರಾಗುತ್ತಾರೆ. ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರೂ ಚೀನ, ಜಪಾನುಗಳಿಂದ ಬರುತ್ತಿದ್ದ ಅಗ್ಗದ ರೇಷ್ಮೆಯ ಹೊಡೆತಕ್ಕೆ ಸಿಕ್ಕಿದ್ದರೆಂಬುದನ್ನು ನೆನೆದರೆ, ತುಂಗ್‌ಬಾವ್‌ನನ್ನು ಮುಳುಗಿಸಿದ ಪೇಟೆಯ ವಿಸ್ತಾರ ಕನ್ನಡ ಓದುಗರಿಗೆ ಇನ್ನಷ್ಟು ಸ್ಪಷ್ಟವಾದೀತು.

1932ರ ಜನವರಿಯಲ್ಲಿ ಶಾಂಘೈಯ ಮೇಲೆ ನಡೆದ ಜಪಾನೀ ದಾಳಿ ಚೀನದ ಅತಿ ದೊಡ್ಡ ಪ್ರಕಾಶನ ಸಂಸ್ಥೆಯಾಗಿದ್ದ ಕಮರ್ಷಿಯಲ್ ಪ್ರೆಸ್ಸಿನ ಕಟ್ಟಡಗಳನ್ನು ಸುಟ್ಟಿತು. ಕಾದಂಬರಿಕಾರ ಲಾವೋ ಶೆಯ ಅಚ್ಚಾಗಬೇಕಿದ್ದ ಕಾದಂಬರಿಯೊಂದರ ಹಸ್ತಪ್ರತಿಯೂ ಅಲ್ಲಿ ಬೂದಿಯಾಯಿತು. 1937ರಲ್ಲಿ ಪೂರ್ಣ ಯುದ್ಧ ಆರಂಭವಾದಾಗ ಲೇಖಕರಲ್ಲಿ ಕೆಲವರು ಪಶ್ಚಿಮದ ಚುಂಗ್‌ಚಿಂಗಿಗೂ, ಕೆಲವರು ಕಮ್ಯುನಿಸ್ಟ್ ನಾಯಕ ಮಾವೋ ಝೆಡಾಂಗನ ನೆಲೆಯಾದ ಯೆನಾನಿಗೂ ಹೋದರು. ಮೊದಲೇ ಯೆನಾನ್ ಸೇರಿದ್ದ ದಿಂಗ್ ಲಿಂಗ್, 1928ರಲ್ಲಿ ಯುವತಿಯೊಬ್ಬಳ ಕಾಮನೆಗಳನ್ನು ಬಿಚ್ಚುಮಾತಿನಲ್ಲಿ ಹೇಳಿದ ‘ಮಿಸ್ ಸೋಫಿಯಾಳ ದಿನಚರಿ’ಯಿಂದ ಹೆಸರಾದವಳು, ಆಕೆಯ ಗಂಡ 1931ರಲ್ಲಿ ಗುಂಡಿಗೆ ಬಲಿಯಾದ ಐವರಲ್ಲೊಬ್ಬ. 1942ರ ಮಹಿಳಾ ದಿನದ ಸಂದರ್ಭದಲ್ಲಿ ಆಕೆ, ಯೆನಾನಿನಲ್ಲಿಯೂ ಹೆಂಗಸರು ಮದುವೆಯಾದರೂ ಆಗದಿದ್ದರೂ ಕೊಂಕು ಮಾತಿಗೆ ಗುರಿಯಾಗುತ್ತಾರೆಂದು ಪಕ್ಷದ ಪತ್ರಿಕೆಯಲ್ಲಿಯೇ ಬರೆದಳು. ಮೇ ತಿಂಗಳಲ್ಲಿ ಮಾವೋ ಸಾಹಿತ್ಯ ಮತ್ತು ಕಲೆಗಳ ಗೋಷ್ಠಿಯನ್ನು ಕರೆದು, ಕಲೆ ರಾಜಕೀಯದ ಅಧೀನ, ಅದು ಕಾರ್ಮಿಕ, ರೈತ, ಸೈನಿಕರಿಗಾಗಿ ಇರಬೇಕು, ಲು ಶುನ್‌ನ ಮೊನಚು ಶತ್ರುಗಳ ನೆಲದಲ್ಲಿ ಸರಿ, ಇಲ್ಲಿ ಬೇಡ ಎಂದು ವಿಧಿಸಿದ. ಲು ಶುನ್ 1936ರಲ್ಲಿಯೇ ತೀರಿಕೊಂಡು ಆಗಲೇ ಪೂಜ್ಯನಾಗಿದ್ದ. ದಿಂಗ್ ಲಿಂಗ್ ತಪ್ಪೊಪ್ಪಿಕೊಂಡಳು. ಲಿಯಾಂಗನ ಪ್ರಬಂಧಕ್ಕೂ ಈ ಭಾಷಣಗಳಿಗೂ ನಡುವಿನ ಅಂತರ ನಲವತ್ತು ವರ್ಷ. ಕಾದಂಬರಿಗೆ ಜನರನ್ನು ಮಾರ್ಪಡಿಸುವ ಶಕ್ತಿಯಿದೆಯೆಂಬ ನಂಬಿಕೆ ಎರಡರಲ್ಲೂ ಒಂದೇ, ವ್ಯತ್ಯಾಸವೆಂದರೆ ದೇಶಭ್ರಷ್ಟ ಪತ್ರಕರ್ತನ ಹಿಂದೆ ಸೈನ್ಯವಿರಲಿಲ್ಲ.

ಹೊಸ ವಿಧಿಗೆ ಮಾದರಿಯಾದ ಕಥೆ ಜಾವ್ ಶುಲಿ 1943ರಲ್ಲಿ ಬರೆದ ‘ಶಿಯಾವ್ ಅರ್‌ಹೈಯ ಮದುವೆ’. ಪ್ರೀತಿಸಿದ ಹಳ್ಳಿಯ ಹುಡುಗ ಹುಡುಗಿಯನ್ನು ಊರಿನ ಪುಂಡರೂ, ಮೂಢನಂಬಿಕೆಯ ಹಿರಿಯರೂ ಕಾಡುತ್ತಾರೆ, ಹೊಸ ಸರ್ಕಾರ ಮಧ್ಯೆ ಬಂದು ಮದುವೆ ಮಾಡಿಸುತ್ತದೆ. ಶಾನ್‌ಶಿ ಪ್ರಾಂತದಲ್ಲಿ ನಡೆದ ಮೂಲ ಘಟನೆಯಲ್ಲಿ ಆ ಹುಡುಗನನ್ನು ಹೊಡೆದು ಕೊಂದಿದ್ದರು. ಕಥೆ ಹಳ್ಳಿಗರ ಮಾತಿನ ಧಾಟಿಯಲ್ಲಿ ನಿಜಕ್ಕೂ ಸೊಗಸಾಗಿದೆ, ಹಾಸ್ಯವೂ ಅಸಲಿ. ಬದಲಾದದ್ದು ಸಾವು ಮಾತ್ರ.

ಕಥೆಯ ಕೊನೆಯನ್ನು ತಿದ್ದುವ ವಿಷಯದಲ್ಲಿ ಚೀನವೊಂದನ್ನೇ ದೂರುವಂತಿಲ್ಲವೆಂಬುದನ್ನು ಲಾವೋ ಶೆಯ ‘ಒಂಟೆ ಶಿಯಾಂಗ್‌ಜಿ’ ತೋರಿಸುತ್ತದೆ. 1936ರಿಂದ 1937ರವರೆಗೆ ಧಾರಾವಾಹಿಯಾಗಿ ಬಂದ ಈ ಕಾದಂಬರಿಯಲ್ಲಿ ಬೀಜಿಂಗಿನ ರಿಕ್ಷಾ ಎಳೆಯುವವನೊಬ್ಬ ಸ್ವಂತ ರಿಕ್ಷಾಕ್ಕಾಗಿ ಪೈಸೆ ಪೈಸೆ ಕೂಡಿಸುತ್ತಾನೆ. ಸೈನಿಕರು ರಿಕ್ಷಾ ಕಸಿಯುತ್ತಾರೆ, ಪತ್ತೇದಾರ ಉಳಿತಾಯ ಕಸಿಯುತ್ತಾನೆ, ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ, ಪ್ರೀತಿಸಿದವಳು ವೇಶ್ಯಾಗೃಹ ಸೇರಿ ನೇಣು ಹಾಕಿಕೊಳ್ಳುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಅವನು ಹಣಕ್ಕಾಗಿ ಪರಿಚಿತನನ್ನೇ ಹಿಡಿದುಕೊಟ್ಟು, ಕಂಡವರ ಮದುವೆ ಮತ್ತು ಶವದ ಮೆರವಣಿಗೆಗಳಲ್ಲಿ ಬಾವುಟ ಹಿಡಿದು ನಡೆಯುವ ಮಟ್ಟಕ್ಕೆ ಇಳಿದಿರುತ್ತಾನೆ. 1945ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಭರದಿಂದ ಮಾರಾಟವಾದ ಇಂಗ್ಲಿಷ್ ಅನುವಾದದಲ್ಲಿ, ಶಿಯಾಂಗ್‌ಜಿ ಪ್ರೇಯಸಿಯನ್ನು ಪಾರುಮಾಡಿ ಕರೆದೊಯ್ಯುತ್ತಾನೆ. ಲೇಖಕನನ್ನು ಕೇಳದೆಯೇ ಆ ಮುಕ್ತಾಯವನ್ನು ಹೊಸೆಯಲಾಗಿತ್ತು. ಹತ್ತು ವರ್ಷಗಳ ನಂತರ, 1955ರಲ್ಲಿ, ಬೀಜಿಂಗಿನ ಸರ್ಕಾರಿ ಪ್ರಕಾಶನದಿಂದ ಪರಿಷ್ಕೃತ ಆವೃತ್ತಿ ಬಂದಾಗ, ಕೊನೆಯ ಒಂದೂವರೆ ಅಧ್ಯಾಯವೇ ಅದರಲ್ಲಿರಲಿಲ್ಲ. ಅಮೆರಿಕದ ಪುಸ್ತಕದಂಗಡಿಗೆ ಸೋತ ಮನುಷ್ಯ ಬೇಡವಾಗಿದ್ದ. ಹೊಸ ಗಣರಾಜ್ಯಕ್ಕೆ ಕೆಟ್ಟುಹೋದ ಶ್ರಮಿಕ ಬೇಡವಾಗಿದ್ದ. ಬಡವರಿಗೆ ಹೋರಾಟದ ದಾರಿ ತೋರಿಸಲಿಲ್ಲವೆಂಬ ವಿಷಾದವನ್ನು ಲಾವೋ ಶೆ ತಾನೇ ಆ ಆವೃತ್ತಿಗೆ ಬರೆದುಕೊಟ್ಟ.

1949ರಿಂದ 1965ರವರೆಗೆ ಸಂಸ್ಕೃತಿ ಸಚಿವನಾಗಿದ್ದ ಮಾವೋ ದುನ್ ಆ ಅವಧಿಯಲ್ಲಿ ಒಂದು ಕಾದಂಬರಿಯನ್ನೂ ಪೂರ್ತಿಯಾಗಿ ಪ್ರಕಟಿಸಲಿಲ್ಲ. ಭೂಸುಧಾರಣೆಯ ಕಾದಂಬರಿಗಾಗಿ 1951ರ ಸ್ಟಾಲಿನ್ ಬಹುಮಾನಕ್ಕೆ ಪಾತ್ರಳಾದ ದಿಂಗ್ ಲಿಂಗ್, 1957ರ ಅಭಿಯಾನದಲ್ಲಿ ಬಲಪಂಥೀಯಳೆಂಬ ಹಣೆಪಟ್ಟಿ ಹೊತ್ತು ಈಶಾನ್ಯದ ಬಂಜರು ಸೀಮೆಗೆ ಹೋದಳು. ಲಾವೋ ಶೆ 1966ರ ಆಗಸ್ಟಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕೆಂಪು ರಕ್ಷಕರಿಂದ ಥಳಿಸಿಕೊಂಡ ಬೆನ್ನಲ್ಲೇ ಬೀಜಿಂಗಿನ ಕೆರೆಯೊಂದರಲ್ಲಿ ಶವವಾಗಿ ಸಿಕ್ಕ. ಶಿಯಾಂಗ್‌ಜಿಯ ಕೈಬಿಟ್ಟ ಕೊನೆಯ ಅಧ್ಯಾಯ ಚೀನದ ಓದುಗರಿಗೆ ಮತ್ತೆ ದೊರೆತದ್ದು, 1980ರ ದಶಕದಲ್ಲಿ ಅವನ ಕೃತಿಸಂಪುಟಗಳು ಮುದ್ರಣವಾದಾಗ.